ಲಿಫ್ಟಿನ ಬಾವಿಯಲ್ಲಿ ಸಿಕ್ಕಿಬಿದ್ದ ಕಳ್ಳ

ಲಿಫ್ಟ್ ರಿಪೇರಿಯವನ ಕೆಲಸವೆಲ್ಲ ಕಟ್ಟಡಗಳ ಹೊಟ್ಟೆಯೊಳಗೆ. ಲಿಫ್ಟ್ ಓಡಾಡುವ ಆ ಕಾಂಕ್ರೀಟ್ ಬಾವಿಗೆ ಇಳಿದರೆ ಬೆಳಕು ತಲೆಯ ಮೇಲಿನ ದೀಪದ್ದು, ವಾಸನೆ ಗ್ರೀಸಿನದು, ನೆಟ್‌ವರ್ಕ್ ದೇವರಾಣೆಗೂ ಇಲ್ಲ. ಹಾಗಾಗಿ ಕೆಲಸ ಮಾಡುತ್ತ ಕೇಳುವ ಕಥೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೋಗುತ್ತಿದ್ದ.

ಅದೊಂದು ಪತ್ತೇದಾರಿ ಕಾದಂಬರಿ, ಮುತ್ತಿನ ಹಾರದ ಕಳವಿನದು. ಅನುಮಾನ ನಾಲ್ವರ ಮೇಲೆ: ಮನೆಯ ಚಿಕ್ಕಮ್ಮ, ತೋಟದವನು, ಡಾಕ್ಟರು, ಗಡಿಯಾರ ರಿಪೇರಿಯ ಜಿಪುಣ ಮೇಷ್ಟ್ರು. ಅದನ್ನೇ ಮನೆಯಲ್ಲಿ ಅವನ ಅತ್ತೆಯೂ ಕೇಳುತ್ತಿದ್ದರು. ಅಲ್ಲಿ ವೈಫೈ ಇತ್ತು. ಆ್ಯಪ್ ಒತ್ತಿದರೆ ಸಾಕು, ಕಥೆ ನಲ್ಲಿ ನೀರಿನಂತೆ ಬರುತ್ತಿತ್ತು.

ಆಕೆ ಮಗಳ ಮನೆಗೆ ಬಂದು ನೆಲೆಸಿದ ಹೊಸತರಲ್ಲಿ ಅತ್ತೆ ಅಳಿಯನ ನಡುವೆ 'ಉಪ್ಪು ಕೊಡಿ', 'ತಗೊಳ್ಳಿ' ಬಿಟ್ಟರೆ ಮಾತಿರಲಿಲ್ಲ. ಜಗಳವೇನಲ್ಲ, ಇಬ್ಬರಿಗೂ ಸೇರುವ ವಿಷಯವೇ ಇರಲಿಲ್ಲ. ಈ ಕಾದಂಬರಿ ಬಂದದ್ದೇ ತಡ, ಊಟದ ಮೇಜು ಕೋರ್ಟಾಯಿತು. ಕರಾರು ಒಂದೇ: ದಿನಕ್ಕೊಂದು ಅಧ್ಯಾಯ, ಯಾರೂ ಮುಂದೆ ಓಡುವಂತಿಲ್ಲ.

"ಕದ್ದಿದ್ದು ಆ ಚಿಕ್ಕಮ್ಮನೇ," ಎನ್ನುವರು ಅತ್ತೆ.

"ಸುಮ್ನಿರಿ ಅತ್ತೆ, ಪಾಪ ಮಂಡಿನೋವಿನ ಮುದುಕಿ, ಮಹಡಿ ಹತ್ತಿ ಕದೀತಾಳಾ? ಆ ತೋಟದವನದೇ ಕೈವಾಡ."

"ಮೂಗಿನ ಮೇಲಿರೋ ಕನ್ನಡಕ ಹುಡುಕೋಕಾಗಲ್ಲ, ಕಳ್ಳನ್ನ ಹುಡುಕ್ತಾರಂತೆ!"

ಅವನು ರಾತ್ರಿ ಒಂದೇ ಅಧ್ಯಾಯ ಇಳಿಸಿಕೊಳ್ಳುತ್ತಿದ್ದ. ಮುಗಿದರೆ ಫೋನು ತಾನೇ ಮೌನವಾಗುತ್ತಿತ್ತು. ಒಂದು ದಿನ ಸೋಮಾರಿತನಕ್ಕೆ ಉಳಿದದ್ದನ್ನೆಲ್ಲ ಒಟ್ಟಿಗೆ ಇಳಿಸಿಬಿಟ್ಟ. ಕಥೆ ನೆಟ್‌ನಿಂದ ಬರುವಾಗ ಅಧ್ಯಾಯ ಮುಗಿದರೆ ಆ್ಯಪ್ 'ಮುಂದಿನದು ಬೇಕೇ?' ಎಂದು ಕೇಳುತ್ತದೆ. ಫೋನಿನಲ್ಲೇ ಕೂತ ಫೈಲುಗಳು ಗೂಡ್ಸ್ ಗಾಡಿಯ ಡಬ್ಬಿಗಳಂತೆ ಒಂದರ ಹಿಂದೊಂದು ಬರುತ್ತವೆ. ಇದು ಅವನಿಗೆ ಹೊಳೆಯಲಿಲ್ಲ.

ಮರುದಿನ ಬಾವಿಯಲ್ಲಿ ಅವನ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಅರ್ಧ ಬಿಗಿದ ಬೋಲ್ಟು. ಫೋನು ತಲೆಯ ಮೇಲಿನ ಕಂಬಿಗೆ ತೂಗುತ್ತಿತ್ತು. ಅಧ್ಯಾಯ ಮುಗಿಯಿತು. ಮರುಕ್ಷಣವೇ ಮುಂದಿನದು ಶುರುವಾಗಿ ಪತ್ತೇದಾರನ ದನಿ ಗುಡುಗಿತು: "ಹಾರ ಕದ್ದವರು ನೀವೇ, ಗಡಿಯಾರದ ಮೇಷ್ಟ್ರೇ!"

"ಅಯ್ಯೋ!"

"ಏನಾಯ್ತೋ?" ಮೇಲಿನಿಂದ ಜೊತೆಗಾರ ಕೂಗಿದ.

"ಕಳ್ಳ ಸಿಕ್ಕಿಬಿಟ್ಟ!"

"ಬಿಡಬೇಡ, ಹಿಡ್ಕೋ, ಬಂದೆ!"

ಬೋಲ್ಟು ಬಿಗಿಯುವವರೆಗೂ ಅವನು ಕಥೆ ಕೇಳಿಸದಂತೆ ಗಂಟಲು ಹರಿಯುವ ಹಾಗೆ ಹಾಡಿದ. ಆದರೆ ಕೇಳಿದ್ದು ಕೇಳಿಯಾಗಿತ್ತು.

ಸಂಜೆ ಮನೆಗೆ ಕಾಲೆಳೆದುಕೊಂಡು ಬಂದ. ಹೇಳಿದರೆ ಕರಾರು ಮುರಿಯಿತು, ಮಾತೂ ಮುಗಿಯಿತು. ಮುಚ್ಚಿಡೋಣವೆಂದು ಊಟಕ್ಕೆ ಕೂತವನೇ, "ನನಗೇನೋ ತೋಟದವನೇ ಅನ್ಸತ್ತೆ," ಎಂದ.

ಅತ್ತೆ ಚಮಚ ಕೆಳಗಿಟ್ಟರು. "ಏನಿದು, ಪಾಠ ಒಪ್ಪಿಸೋ ಥರ? ಮುಂದೆ ಕೇಳಿದ್ರಾ?"

"ಕೈಯಲ್ಲಿ ಬೋಲ್ಟಿತ್ತು ಅತ್ತೆ... ಅದೇ ಶುರುವಾಗ್ಬಿಡ್ತು. ಬರೀ ಒಂದೇ ಮಾತು ಕೇಳಿಸ್ತು."

ಅತ್ತೆ ಎದ್ದು ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಅವನು ಹೆಂಡತಿಯ ಕಡೆ ತಿರುಗಿ, "ಹೋಗಿ ಸಮಾಧಾನ ಮಾಡೇ," ಎಂದ. ಹೆಂಡತಿ, "ನೀವುಂಟು, ನಿಮ್ಮತ್ತೆಯುಂಟು," ಎಂದು ನಕ್ಕಳು.

ಬಾಗಿಲು ತೆರೆಯಿತು. ಅತ್ತೆಯ ಕೈಯಲ್ಲಿ ದೊಡ್ಡ ಟವೆಲ್ಲು.

"ಮುಖ ಮುಚ್ಕೊಳ್ಳಿ. ನಿಮ್ಮ ಹೊಟ್ಟೇಲಿರೋದೆಲ್ಲ ಮುಖದ ಮೇಲೇ ಕಾಣತ್ತೆ. ಕಳ್ಳನ್ನ ನಾನೇ ಹಿಡೀಬೇಕು."

ಅವನು ಮುಸುಕು ಹಾಕಿ ಕೂತ.

"ಚಿಕ್ಕಮ್ಮ?" ಟವೆಲ್ಲು ಅಲುಗಲಿಲ್ಲ. "ಡಾಕ್ಟರು?" ಆಗಲೂ ಅಲುಗಲಿಲ್ಲ. "ಗಡಿಯಾರದ ಮೇಷ್ಟ್ರು?"

ಟವೆಲ್ಲು ಗಪ್ಪನೆ ಮೂಗಿಗೆ ಅಂಟಿಕೊಂಡಿತು.

"ಸಿಕ್ಕಿಬಿದ್ದ!" ಅತ್ತೆ ಮೇಜು ಕುಟ್ಟಿದರು. "ನೋಡೇ, ನಿನ್ನ ಗಂಡ ಉಸಿರಲ್ಲೂ ಚಾಡಿ ಹೇಳ್ತಾರೆ! ಸರಿ, ಆ ಮೇಷ್ಟ್ರು ಯಾಕೆ ಕದ್ದ?"

"ನಂಗೂ ಗೊತ್ತಿಲ್ಲ ಅತ್ತೆ, ನಿಜವಾಗ್ಲೂ."

"ಗೊತ್ತಿಲ್ವಾ?" ಆಕೆಯ ಮುಖ ಅರಳಿತು. ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತರು. "ಹಾಗಾದ್ರೆ ಇವತ್ತು ಇಬ್ರೂ ಒಟ್ಟಿಗೇ ಕೇಳೋಣ, ಹಾಕಿ. ನಾನು ಹೇಳ್ತೀನಿ ಕೇಳಿ, ಪ್ರೀತಿಗೋಸ್ಕರ ಕದ್ದಿರೋದು."

"ಆ ಜಿಪುಣ ಪ್ರೀತಿಗಾ?" ಅವನು ಟವೆಲ್ಲು ಕಿತ್ತೆಸೆದ. "ಸಾಧ್ಯಾನೇ ಇಲ್ಲ!"