ಚಪ್ಪಲಿ ಕಾಯುವವರು

ನಮ್ಮ ಮನೆಯವರೆಲ್ಲ ಸಮುದ್ರಕ್ಕೆ ಹೋದರೆ ನನಗೆ ಒಂದೇ ಕೆಲಸ, ಚಪ್ಪಲಿ ಕಾಯುವುದು. ಬ್ರೈಟನ್ನಿಗೆ ಹೋಗಲಿ, ಬೋರ್ನ್‌ಮತ್ತಿಗೆ ಹೋಗಲಿ, ಚಾಪೆ ಹಾಸಿದ ಕೂಡಲೇ ಗಂಡ ವಾಚು ಬಿಚ್ಚಿ ನನ್ನ ಕೈಗೆ ಕೊಡುತ್ತಾರೆ, ಮಗಳು ಫೋನು ಕೊಡುತ್ತಾಳೆ, ಜೊತೆಗೆ ಬಂದ ಬಳಗದವರೆಲ್ಲ ಚಪ್ಪಲಿ ಕಳಚಿ ನನ್ನ ಸುತ್ತ ಬಿಟ್ಟು ನೀರಿಗೆ ಓಡುತ್ತಾರೆ. ಪಕ್ಕದಲ್ಲಿ ನಮ್ಮ ಅತ್ತೆ. ಅವರಿಗೆ ವಯಸ್ಸಾಗಿದೆ, ನನಗೆ ನೀರೆಂದರೆ ಭಯ. ಲಂಡನ್ನಿನ ಕಿಂಗ್ಸ್‌ಬರಿಯಿಂದ ಪಿನ್ನರ್‌ವರೆಗೆ ನಮ್ಮ ಕಡೆಯವರಿಗೆಲ್ಲ ಇದು ಗೊತ್ತು. ಪಾಪ, ಸಣ್ಣವಳಿದ್ದಾಗ ಬಾವಿಗೆ ಬಿದ್ದಿದ್ದಳಂತೆ.

ಬಿದ್ದಿರಲಿಲ್ಲ. ಅದು ಶುದ್ಧ ಸುಳ್ಳು, ಹೇಳಿದವಳು ನಾನೇ.

ಲಗ್ನವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅತ್ತೆ, ಮಾವ, ಇಬ್ಬರು ಮೈದುನರು, ಗಂಡ, ನಾನು, ಎಲ್ಲರೂ ಒಂದು ಟೆಂಪೊ ಮಾಡಿಕೊಂಡು ಧಾರವಾಡದಿಂದ ಗೋಕರ್ಣಕ್ಕೆ ಹೋದೆವು. ನಾನು ವಿಜಯಪುರದ ಕಡೆಯವಳು. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಎರಡು ತಾಸು ಪಾಳಿ ಹಚ್ಚಿ ಬೆಳೆದವಳು. ಅಂಥವಳ ಎದುರಿಗೆ ಅಷ್ಟು ನೀರು! ಯಾರದೂ ಅಲ್ಲದ, ಪಾಳಿ ಇಲ್ಲದ ನೀರು. ಓಡಿಹೋಗಿ ಬೀಳಬೇಕು ಅನ್ನಿಸಿತು. ಸಮುದ್ರದಲ್ಲಿ ಮಿಂದು ಆಮೇಲೆ ದೇವರ ದರ್ಶನ ಅಂತ ಮಾವನವರೇ ಹೇಳಿದ್ದರು. ಆದರೆ ಮಿಂದವಳು ಮೇಲೆ ಬರಬೇಕಲ್ಲ? ಒದ್ದೆ ಸೀರೆ ಮೈಗೆ ಅಂಟಿಸಿಕೊಂಡು ಮಾವನ ಮುಂದೆ, ಮೈದುನರ ಮುಂದೆ, ತಿಂಗಳು ತುಂಬದ ಸೊಸೆ ನಡೆದು ಬರಬೇಕು. ನಾಚಿಕೆಯಿಂದ ಸಾಯುವ ಹಾಗಾಯಿತು. ಗಂಡ "ಬಾ" ಅಂತ ಕೈಚಾಚಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ನನಗ ನೀರಂದ್ರ ಅಂಜಿಕಿರೀ. ಸಣ್ಣಾಕಿದ್ದಾಗ ಬಾವ್ಯಾಗ ಬಿದ್ದಿದ್ದೆ."

ಅವರು ನಂಬಿದರು. ಬೊಗಸೆಯಲ್ಲಿ ನೀರು ತಂದು ನನ್ನ ತಲೆಗೆ ಚಿಮುಕಿಸಿದರು. ಅವತ್ತು ಅತ್ತೆಯವರಿಗೂ ಹೊಟ್ಟೆನೋವು ಬಂದಿತ್ತು. ನಾವಿಬ್ಬರೂ ದಂಡೆಯ ಮೇಲೆ ಆರು ಜೋಡಿ ಚಪ್ಪಲಿ ಕಾಯುತ್ತ ಕೂತೆವು. ನೀರಿನಲ್ಲಿ ಗಂಡಸರ ಕೇಕೆ.

ನನ್ನ ತಲೆಬುಡವಿಲ್ಲದ ಸುಳ್ಳಿಗೆ ಆಮೇಲೆ ಕೈಕಾಲು ಹಚ್ಚಿದವರು ಗಂಡನೇ. ಲಂಡನ್ನಿಗೆ ಬಂದು ಟ್ಯೂಬ್ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ನಾಲ್ಕು ಜನರಿಗೆ ಕೇಳುವಂತೆ ಮಾತಾಡುವ ಚಟ ಹತ್ತಿತು. ಯಾರ ಮನೆಗೆ ಊಟಕ್ಕೆ ಹೋದರೂ ಬಾವಿಯ ಕಥೆ. ಮೊದಲು ಒಮ್ಮೆ ಮುಳುಗಿದ್ದೆ, ಕೆಲವು ವರ್ಷದಲ್ಲಿ ಮೂರು ಸಲ ಮುಳುಗಿ ಎದ್ದೆ, ಆಮೇಲೆ ಯಾರೋ ಸೀರೆ ಇಳಿಬಿಟ್ಟು ಎಳೆದರು. ಕೇಳಿದವರು ಲೊಚಗುಟ್ಟಿ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸುತ್ತಿದ್ದರು. ನಾನು ತಿನ್ನುತ್ತಿದ್ದೆ. ನನ್ನ ನೌಕರಿಯೋ, ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ರಿಸೆಪ್ಷನ್ನಿನಲ್ಲಿ. ದಿನವಿಡೀ ಬೇರೆಯವರ ಸುಳ್ಳು ಜ್ವರ, ಸುಳ್ಳು ಕೆಮ್ಮು ಹಿಡಿಯುವವಳು ನಾನು!

ಹೋದ ವರ್ಷ ಗಂಡ ನಿವೃತ್ತರಾದರು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗಳು ನಮ್ಮ ಮೂವರಿಗೂ ಕ್ಯಾರಿಬಿಯನ್ ಹಡಗಿನ ಪ್ರವಾಸ ಮಾಡಿಸಿಕೊಟ್ಟಳು. ಹಡಗು ದಿನಕ್ಕೊಂದು ದ್ವೀಪದಲ್ಲಿ ನಿಲ್ಲುತ್ತದೆ, ಅಲ್ಲಿಳಿದು ಎಲ್ಲಿಗೆ ಹೋಗಬೇಕೆಂಬುದನ್ನು ನಾವು ಮೊದಲೇ ಆರಿಸಿ ಬುಕ್ ಮಾಡಬೇಕು. ಗಂಡ ಎಲ್ಲವನ್ನೂ ಪ್ರಿಂಟ್ ತೆಗೆದು ಊಟದ ಟೇಬಲ್ ತುಂಬ ಹರಡಿದರು. ಉಳಿದ ದ್ವೀಪಗಳಲ್ಲಿ ಪೇಟೆ, ಇಗರ್ಜಿ, ಬೆಟ್ಟ ಅಂತ ತಂಟೆಯಿಲ್ಲದೆ ಮುಗಿಯಿತು. ನಾಲ್ಕನೆಯ ದಿನದ ದ್ವೀಪ ಮಾತ್ರ ಉಳಿಯಿತು. ಅಲ್ಲಿ ಎರಡೇ ಆಯ್ಕೆ ಇದ್ದವು. ಒಂದು, ಬಸ್ಸಿನಲ್ಲಿ ಹೂವಿನ ತೋಟ, ಹಳೆಯ ಕೋಟೆ, ಮಸಾಲೆ ಅಂಗಡಿ. ಇನ್ನೊಂದು, ಬೆಳಗಿನಿಂದ ಮೂರು ಗಂಟೆಯವರೆಗೆ ಬೀಚು. ಬಿಳಿ ಮರಳು, ಛತ್ರಿ, ಕುರ್ಚಿ, ಬೆಚ್ಚಗಿನ ನೀರು.

ಭಾನುವಾರ ಸಂಜೆ, ಚಹಾದ ಹೊತ್ತು. ಗಂಡ ಬೀಚಿನ ಹಾಳೆಯನ್ನು ಎರಡು ಸಲ ಓದಿದರು. ಅವರು ಹಳ್ಳಿಯ ಬಾವಿಯಲ್ಲಿ, ಕಟ್ಟೆಯ ಮೇಲಿಂದ ಧುಮುಕಿ ಈಜು ಕಲಿತವರು. ನೀರಿಗಿಳಿದರೆ ಈಗಲೂ ಇಪ್ಪತ್ತರ ಹುಡುಗ. ಚಿತ್ರದ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಆ ಹಾಳೆಯನ್ನು ಎಲ್ಲದರ ಕೆಳಗೆ ಸರಿಸಿದರು.

"ಹೂವಿನ ತ್ವಾಟ ಛಲೋ ಐತಿ," ಅಂದರು.

ಅಷ್ಟರಲ್ಲಿ ಮಗಳ ಫೋನು. ಸ್ಪೀಕರಿನಲ್ಲಿ ಅವಳ ಅವಸರ: "ಅಪ್ಪಾ, ಬುಕಿಂಗ್ ಸಿಕ್ಸ್ ಓ ಕ್ಲಾಕಿಗೆ ಕ್ಲೋಸ್. ಬೀಚಿಗೆ ಜಸ್ಟ್ ಫೋರ್ ಸೀಟ್ಸ್ ಲೆಫ್ಟ್. ವಾಟ್ ಡಸ್ ಅಮ್ಮ ವಾಂಟ್?"

"ನಿಮ್ಮ ಅಮ್ಮಗ ತ್ವಾಟ."

"ಡಿಡ್ ಯೂ ಆಸ್ಕ್ ಹರ್?"

"ಕೇಳೂದೇನೈತಿ? ಆಕಿಗಿ ನೀರ ಆಗೂದಿಲ್ಲ, ನಿನಗ ಗೊತ್ತಿಲ್ಲೇನ?"

ಗಂಡ ನನ್ನತ್ತ ನೋಡಿದರು, ಫೋನು ಕೂಡ ನೋಡಿದಂತಾಯಿತು. ಹೇಳಬೇಕಿತ್ತು. ಏಕೆಂದರೆ ಮೂರು ವಾರದ ಹಿಂದೆ ಹ್ಯಾರೋದ ಅಂಗಡಿಯಲ್ಲಿ ನಾನು ಈಜುವ ಉಡುಪು ಕೊಂಡಿದ್ದೆ. ಕಡುನೀಲಿ ಬಣ್ಣ, ತುಂಬುತೋಳು, ಮೊಣಕಾಲಿನವರೆಗೆ. ಬಾತ್‌ರೂಮಿನ ಚಿಲಕ ಹಾಕಿ, ಅದನ್ನು ತೊಟ್ಟು ಶವರಿನ ಕೆಳಗೆ ಅರ್ಧ ತಾಸು ನಿಂತಿದ್ದೆ. ಕನ್ನಡಿಯಲ್ಲಿ ನೋಡಿಕೊಂಡು ಒಬ್ಬಳೇ ನಕ್ಕಿದ್ದೆ. ಐವತ್ತೈದು ದಾಟಿತು, ಇನ್ನು ಯಾವಾಗ? ಈ ಸಲವಾದರೂ ಕುತ್ತಿಗೆಯವರೆಗೆ ಸಮುದ್ರದಲ್ಲಿ ನಿಲ್ಲಬೇಕು ಎಂಬ ಆಸೆ ಹಸಿವೆಯ ಹಾಗೆ ಕಾಡುತ್ತಿತ್ತು. ಆದರೆ ಬೀಚು ಅನ್ನಬೇಕಾದರೆ ಬಾವಿ ಸುಳ್ಳು ಅನ್ನಬೇಕು. ಬಾವಿ ಯಾಕೆ ಸುಳ್ಳು ಅಂದರೆ ನಿಮ್ಮ ಅಪ್ಪನ ಮುಂದೆ, ನಿಮ್ಮ ತಮ್ಮಂದಿರ ಮುಂದೆ ನಾಚಿಕೆಯಾಯಿತು ಅನ್ನಬೇಕು. ಅದೂ ಅತ್ತೆ ಒಳಗಿನ ಕೋಣೆಯಲ್ಲಿರುವಾಗ.

"ನನ್ನದೇನಿಲ್ರೀ," ಅಂದೆ. "ನಿಮಗ ಹೆಂಗ ಬೇಕೋ ಹಂಗ ಮಾಡ್ರಿ."

ಈ ಮಾತಿಗೆ ಬೆಂಕಿ ಹಾಕ! ಹುಟ್ಟಿದಾಗಿನಿಂದ ಇದೊಂದನ್ನು ಚೆನ್ನಾಗಿ ಕಲಿಸಿದ್ದಾರೆ ನಮಗೆ. ಗಂಡ ಹಳದಿ ಪೆನ್ನು ತೆಗೆದು ಹೂವಿನ ತೋಟದ ಮೇಲೆ ಗೆರೆ ಎಳೆದರು. ಗೋಡೆಯ ಗಡಿಯಾರದಲ್ಲಿ ಐದೂವರೆ.

ಆಗ ಅತ್ತೆ ಬಂದರು. ಒಂದು ಕೈಯಲ್ಲಿ ಶೇಂಗಾ ಹಿಂಡಿಯ, ನಮ್ಮ ಕಡೆಯ ಚಟ್ನಿಪುಡಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ನನ್ನ ಕಡುನೀಲಿ ಉಡುಪು. ಪ್ರವಾಸಕ್ಕೆ ಇನ್ನೂ ಐದು ವಾರವಿತ್ತು. ಆದರೆ ಹಡಗಿನವರ ಊಟ ಸಪ್ಪಗಿದ್ದರೆ ಗತಿಯೇನು ಅಂತ ಇವರು ಆಗಲೇ ನನ್ನ ಸೂಟ್‌ಕೇಸ್ ತೆಗೆದು ಹಿಂಡಿ ತುಂಬಲು ಹೊರಟಿದ್ದರು. ಎಷ್ಟು ಜಾಣತನದಿಂದ ಅದರ ತಳದಲ್ಲಿ ಬಚ್ಚಿಟ್ಟಿದ್ದೆ!

"ಇದೇನವಾ, ಸರ್ಕಸ್ಸಿನವರ ಅಂಗಿ?" ಅಂತ ಅದನ್ನು ಪ್ರಿಂಟ್ ಹಾಳೆಗಳ ಮೇಲೆ ಹರಡಿದರು. ತೋಳು ಎರಡೂ ಕಡೆ ಚಾಚಿಕೊಂಡಿತು. ಶವರಿನಲ್ಲಿ ನೆಂದು ಮುರುಟಿದ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

ಗಂಡ ಅದನ್ನು ನೋಡಿದರು, ನನ್ನನ್ನು ನೋಡಿದರು. "ಯಾರದಿದು?"

ನಾನು ಆ ಚೀಟಿಯನ್ನು ತೋಳಿನೊಳಗೆ ತುರುಕಿದೆ. ಹೇಳಿದವರು ಅತ್ತೆ. "ಯಾರದಂದ್ರ? ನನ್ನ ಮೈಗಿ ಹಿಡಸ್ತೈತೇನೋ ಇದು? ಆಕಿದು. ಆಕಿಗಿ ನೀರಾಗ ಇಳೀಬೇಕಾಗೈತಿ."

"ಆಕಿ ಬಾವ್ಯಾಗ..."

"ಯಾವ ಬಾವಿ?" ಅತ್ತೆ ಕುರ್ಚಿ ಎಳೆದು ಕೂತರು. "ಆಕಿ ಊರಿಗೆ ಲಗ್ನಕ್ಕ ಹೋಗಿದ್ದಿಲ್ಲೇನ ನೀ? ಮದುಮಗನ್ನ ಬಿಟ್ಟು ಲಗ್ನ ಆಗತೈತೇನ? ಬೀಗರ ಕೈ ತೊಳಿಯಾಕ ಅವರಪ್ಪ ಟ್ಯಾಂಕರ್ ತರಿಸಿದ್ದ. ಅವರೂರ ಬಾವ್ಯಾಗ ಕೊಡಾ ಮುಳಗೂವಷ್ಟ ನೀರ ಇರಲಿಲ್ಲ. ಅದರಾಗ ಈಕಿ ಎಲ್ಲಿ ಮುಳಗಿದಳೋ, ಶಾಣ್ಯಾ?"

ಫೋನಿನಿಂದ ಮಗಳು "ಓ ಮೈ ಗಾಡ್" ಅಂದಳು. ಅವಳು ಇನ್ನೂ ಲೈನಿನಲ್ಲಿರುವುದೇ ನಮಗೆ ಮರೆತುಹೋಗಿತ್ತು.

ಗಂಡನ ಮುಖ ಸಣ್ಣದಾಯಿತು. "ಮತ್ತ ಮೂರ ಸಲ ಮುಳಗಿದ್ದು?"

"ಮೂರ ಸಲ ನೀವ ಮುಳಗಿಸಿದ್ದು," ಅಂದೆ. "ನಾ ಒಂದ ಸಲ ಅಂದಿದ್ದೆ."

ಅವರು ನಗಲಿಲ್ಲ. ಎದ್ದು ಹಿಂದಿನ ಬಾಗಿಲು ತೆಗೆದು ಹಿತ್ತಲಿಗೆ ಹೋಗಿ ನಿಂತರು. ನನ್ನೊಬ್ಬಳ ಸುಳ್ಳಿಗಾಗಿ ಆ ಮನುಷ್ಯ ಎಷ್ಟು ಬೀಚು ಬಿಟ್ಟುಕೊಟ್ಟಿದ್ದಾರೆ, ಹೋದಲ್ಲೂ ಹತ್ತು ನಿಮಿಷಕ್ಕೊಮ್ಮೆ ಎದ್ದು ಬಂದು "ಕುಂತ ಕುಂತ ಬ್ಯಾಸರ ಆತೇನ?" ಅಂತ ಕೇಳಿದ್ದಾರೆ. ಅಳು ಬಂತು. ಅತ್ತೆಯವರ ಮುಂದೆಯೇ ಅತ್ತುಬಿಟ್ಟೆ.

"ಅತ್ತೀ, ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ರಿ?"

"ಏನಂತ ಹೇಳಲಿ?" ಅವರು ಹಿಂಡಿಯ ಪೊಟ್ಟಣದ ದಾರವನ್ನು ಬಿಗಿ ಮಾಡುತ್ತ ಅಂದರು. "ನೀ ಯಾಕ ಅಂದಿ ಅನ್ನೂದೂ ಗೊತ್ತಿತ್ತು. ಅವತ್ತ ನನಗೇನ ಖರೇ ಹೊಟ್ಟಿನೋವು ಇತ್ತಂತ ತಿಳಿದಿ ಏನ? ಬೆಳದ ಮಕ್ಕಳ ಮುಂದ ತೊಯ್ಸಿಕೊಂಡ ಸೀರಿ ಉಟ್ಟ ಹೆಂಗ ಬರಲವಾ?"

ದಂಡೆಯ ಮೇಲೆ ಪಕ್ಕಪಕ್ಕದಲ್ಲಿ ಕೂತ ಇಬ್ಬರೂ ಸುಳ್ಳಿಯರು! ಮೊದಲು ಯಾರು ನಕ್ಕೆವೋ ಗೊತ್ತಿಲ್ಲ. ಅತ್ತೆ ನಗುತ್ತ ಸೆರಗಿನಿಂದ ನನ್ನ ಮುಖ ಒರೆಸಿದರು, ಅದೇ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಫೋನಿನಲ್ಲಿ ಮಗಳು "ಅಮ್ಮಾ, ಟೆನ್ ಟು ಸಿಕ್ಸ್!" ಅಂತ ಕಿರುಚಿದಳು.

ತೆರೆದ ಬಾಗಿಲಿನಿಂದ ಎಲ್ಲ ಕೇಳಿಸಿತ್ತೇನೋ, ಗಂಡ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಉಡುಪನ್ನು ಮೆಲ್ಲಗೆ ಮಡಚಿ ಬದಿಗಿಟ್ಟರು. ಹಾಳೆಗಳ ತೀರ ಕೆಳಗಿನಿಂದ ಬೀಚಿನದನ್ನು ಎಳೆದು ತೆಗೆದರು.

"ಅವ್ವಾ, ನೀನೂ ಇಳೀತಿ?"

"ಎಲ್ಲಾ ನಿನಗ ಬಾಯಿಬಿಟ್ಟ ಹೇಳಬೇಕೇನೋ?"

ಆಮೇಲೆ ನನ್ನ ಕಡೆ ತಿರುಗಿದರು. "ನೀ ಹೇಳು. ನಿನ್ನ ಬಾಯಿಲೇ ಹೇಳು. ತ್ವಾಟೋ, ಬೀಚೋ?"

"ಬೀಚು," ಅಂದೆ. ಗಟ್ಟಿಯಾಗಿಯೇ ಅಂದೆ. ಇಷ್ಟು ಸಣ್ಣ ಮಾತಿಗೆ ಮೂವತ್ತೊಂದು ವರ್ಷ! ಮೂರು ಸೀಟು ಬುಕ್ ಆಯಿತು. ನಾಲ್ಕನೆಯದು ಯಾರ ಪುಣ್ಯಕ್ಕಿತ್ತೋ.

ಐದು ವಾರದ ಮೇಲೆ ಆ ದ್ವೀಪದ ಬಿಳಿ ಮರಳಿನ ಮೇಲೆ ನಾವು ಮೂವರೂ ನಿಂತೆವು. ನಾನು ಕಡುನೀಲಿ ಉಡುಪಿನಲ್ಲಿ, ಅತ್ತೆ ಹಳೆಯದೊಂದು ಹತ್ತಿ ಸೀರೆಯಲ್ಲಿ, ಸೆರಗು ಸೊಂಟಕ್ಕೆ ಸಿಗಿಸಿ. ನಮ್ಮ ಕಡೆ ನೋಡುವವರು ಯಾರೂ ಇರಲಿಲ್ಲ. ಅತ್ತೆಗಿಂತ ಹಿರಿಯಳೊಬ್ಬಳು ಎರಡು ತುಂಡು ಬಟ್ಟೆಯಲ್ಲಿ ನಮ್ಮ ಮುಂದೆಯೇ ನೀರಿಗಿಳಿದು ಹೋದಳು. "ಗಟ್ಟಿ ಹೆಣಮಗಳು," ಅಂದರು ಅತ್ತೆ, ಮೆಚ್ಚಿ.

ಗಂಡ ಮೂರು ಜೋಡಿ ಚಪ್ಪಲಿಯನ್ನು ಛತ್ರಿಯ ಕೆಳಗೆ ಸಾಲಾಗಿ ಜೋಡಿಸಿದರು. ವಾಚು ಹಡಗಿನಲ್ಲೇ ಬಿಟ್ಟು ಬಂದಿದ್ದರು. ಆಮೇಲೆ, ನೀರೆಂದರೆ ಜೀವ ಬಿಡುವ ಆ ಮನುಷ್ಯ, ಚಪ್ಪಲಿಯ ಪಕ್ಕ ಮರಳಿನ ಮೇಲೆ ಕೂತುಬಿಟ್ಟರು.

"ನೀವು ಹೋಗ್ರಿ. ಇವತ್ತ ನಾ ಕಾಯ್ತೀನಿ."

ಅತ್ತೆ ಎರಡು ಹೆಜ್ಜೆ ಹಿಂದೆ ಬಂದು ಮಗನ ತೋಳು ಹಿಡಿದು ಎಬ್ಬಿಸಿದರು.

"ಏಳೋ. ಇಷ್ಟ ವರ್ಷ ನಾವಿಬ್ಬರೂ ಕಾದೀವಿ. ಒಂದ ಜೋಡಾದ್ರೂ ಯಾರರ ಒಯ್ದಾರೇನ?"

ಆ ಕಡೆ ಅವರು, ಈ ಕಡೆ ನಾನು, ನಡುವೆ ಅತ್ತೆ. ನೀರು ಬೆಚ್ಚಗಿತ್ತು. ಮೊಣಕಾಲು, ಸೊಂಟ, ಎದೆ. ಒಂದು ಅಲೆ ಬಂದು ಮೂವರನ್ನೂ ಮುಳುಗಿಸಿ ಎತ್ತಿತು. ಕೆಮ್ಮಿ, ಉಗುಳಿ, ಕಣ್ಣು ಬಿಟ್ಟಾಗ ಗಂಡ "ಒಂದು!" ಅಂತ ಕೂಗಿದರು. ಒದ್ದೆ ಸೀರೆ ಮೈಗೆ ಅಂಟಿಕೊಂಡಿದ್ದ ಅತ್ತೆ, ಅದನ್ನು ಎಳೆದುಕೊಳ್ಳದೆ, "ಇನ್ನೂ ಎರಡ ಬಾಕಿ ಅದಾವ, ಬಾರವಾ," ಅಂತ ನನ್ನ ಕೈ ಹಿಡಿದು ಮುಂದಕ್ಕೆ ನಡೆದರು.