ಅಪ್ಪ ಕೊಟ್ಟ ಹೇಳಿಕೆ

ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸರಪಳಿ ಹಾಕಿ ಹಡಗಿನಲ್ಲಿ ಸಾಗಿಸಿದ ಗುಲಾಮರ ಪಾಠ ಬಂದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ನಮ್ಮ ಜೀತಕ್ಕೆ ಬರುವ ಹೊತ್ತಿಗೆ ಒಂದೇ ಸಾಲು: ಕಾನೂನು ಮಾಡಿ ಜೀತವನ್ನು ರದ್ದುಪಡಿಸಲಾಯಿತು. ಅಡಿಗೆರೆ ಎಳೆದುಕೊಳ್ಳಿ ಎನ್ನುತ್ತೇನೆ, ಎಳೆದುಕೊಳ್ಳುತ್ತಾರೆ. ಆ ಕಾನೂನು ಬಂದಾಗ ನಮ್ಮಪ್ಪ ಅಮೃತೂರಿನ ಹತ್ತಿರ ಒಬ್ಬರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಬಂದ ಮೇಲೂ ಮೂವತ್ತು ಚಿಲ್ಲರೆ ವರ್ಷ ಬಾಚಿದ. ಯಾವ ಪುಣ್ಯಾತ್ಮನೂ ಹೋಗಿ ಅವನಿಗೆ ಹೇಳಲಿಲ್ಲ.

ತಾತ ಮಗಳ ಮದುವೆಗೆಂದು ಸಾಲ ತಂದು ಮಗನನ್ನು ಜೀತಕ್ಕೆ ಬಿಟ್ಟಿದ್ದ. ತಾತ ಸತ್ತ, ಆ ಮಗಳೂ ಸತ್ತಳು, ಅಪ್ಪ ಮಾತ್ರ ಆ ಯಜಮಾನರ ತೆಂಗಿನ ತೋಟದಲ್ಲೇ ಇದ್ದ. ಮೊಣಕಾಲು ಬಗ್ಗದ ಆಳು ಇನ್ನೇನಕ್ಕೆ ಎಂದು ಕೊನೆಗೆ ಅವರೇ ಕಳಿಸಿದರು. ಈಗ ಗುಬ್ಬಿಯಲ್ಲಿ ನನ್ನ ಬಾಡಿಗೆ ಮನೆಯಲ್ಲಿದ್ದಾನೆ.

ನನಗೆ ಪರಿಹಾರದ ದುಡ್ಡು ಬೇಕಿರಲಿಲ್ಲ. ಈ ಮನುಷ್ಯನನ್ನು ಜೀತಕ್ಕಿಟ್ಟುಕೊಂಡಿದ್ದು ಹೌದು, ಅದು ತಪ್ಪು ಎಂದು ಸರ್ಕಾರದ ಮೊಹರು ಬಿದ್ದ ಬಿಡುಗಡೆ ಪತ್ರ ಬೇಕಿತ್ತು, ಅದೂ ಅಪ್ಪ ಬದುಕಿರುವಾಗಲೇ. ಎರಡು ವರ್ಷ ತುಮಕೂರಿಗೂ ಕುಣಿಗಲ್‌ಗೂ ಬಸ್ಸು ಹತ್ತಿ ಇಳಿದೆ. ಅಂತೂ ವಿಚಾರಣೆಗೆ ಆ ತೋಟವಿರುವ ಊರಿನ ಸಮುದಾಯ ಭವನಕ್ಕೆ ಬನ್ನಿ ಎಂದರು. ಕೇಳಿದ್ದಕ್ಕೆ ನಡೆದದ್ದನ್ನು ಹೇಳಪ್ಪ, ಅಷ್ಟು ಸಾಕು ಎಂದು ವಾರವಿಡೀ ಬಡಿದುಕೊಂಡೆ. "ಹೂ ಕಣವ್ವ" ಅಂತಲೇ ಇದ್ದ.

ಅಲ್ಲಿಗೆ ಹೋದರೆ ತೋಟದ ಯಜಮಾನರ ಮಗ ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಅಪ್ಪ ಎತ್ತಿ ಆಡಿಸಿದ ಕೂಸು.

"ಹೊಡೀತಿದ್ರಾ?" ಅಧಿಕಾರಿ ಅಪ್ಪನನ್ನು ಕೇಳಿದರು.

"ಇಲ್ಲ ಸ್ವಾಮಿ."

"ಊಟ?"

"ಒಟ್ಟೆ ತುಂಬ ಆಕೋರು ಸ್ವಾಮಿ."

"ಬಿಟ್ಟು ಹೋಗ್ತೀನಿ ಅಂದ್ರೆ ತಡೀತಿದ್ರಾ?"

ಅಪ್ಪ ಯೋಚಿಸಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. "ನಾನ್ಯಾವತ್ತೂ ಕೇಳ್ಲೇ ಇಲ್ವಲ್ಲ ಸ್ವಾಮಿ. ಯಾರೂ ತಡೀಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಅವ್ವ ಸತ್ತ ಮೂರನೇ ದಿನಕ್ಕೇ ಕರೆಸ್ಕೊಂಡ್ರಲ್ಲ, ಅದನ್ನ ಹೇಳಪ್ಪ" ಎಂದೆ.

ಅಪ್ಪ ನನ್ನ ಮೇಲೇ ರೇಗಿದ. "ಸುಮ್ಕಿರವ್ವ. ಆವತ್ತು ಕೊಟ್ಟಿಗೇಲಿ ಅಸ ಈದಿತ್ತು, ಕರೀದೆ ಇನ್ನೇನ್ ಮಾಡಾರು."

ಅಧಿಕಾರಿ ಬರೆದದ್ದನ್ನು ಗಟ್ಟಿಯಾಗಿ ಓದಿದರು. ಯಾರ ಒತ್ತಾಯವೂ ಇಲ್ಲದೆ ಸ್ವಂತ ಇಚ್ಛೆಯಿಂದ ಕೆಲಸಕ್ಕಿದ್ದರಂತೆ. ಬೇಕೆಂದಾಗ ಹೋಗುವ ಸ್ವಾತಂತ್ರ್ಯವಿತ್ತಂತೆ. ಅಪ್ಪ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅದೂ ಅವನ ಮೇಲೆ.

"ಆಯ್ತು, ನೀವಿನ್ನು ಹೊರಡಿ" ಎಂದರು ಅಧಿಕಾರಿ.

ಅಪ್ಪ ಕದಲಲಿಲ್ಲ. ಹೆಗಲ ಮೇಲಿನ ಟವಲನ್ನು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಕಂಬದ ಕಡೆ ತಿರುಗಿ ಯಜಮಾನರ ಮಗನನ್ನು ಕೇಳಿದ:

"ಓಗ್ಲಾ ಬುದ್ದಿ?"

ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹೂಂ, ಹೋಗು" ಎಂದರು.

"ಸಾರ್, ಇದನ್ನೂ ಬರ್ಕೊಳ್ಳಿ" ಎಂದೆ ನಾನು.

"ಹೇಳಿಕೆ ಮುಗೀತಲ್ಲಮ್ಮ, ಹೆಬ್ಬೆಟ್ಟೂ ಆಗಿದೆ" ಎಂದು ಅಧಿಕಾರಿ ಫೈಲಿನ ದಾರ ಕಟ್ಟಿದರು. ಅಪ್ಪ ಅಷ್ಟರಲ್ಲಿ ಆಚೆ ಹೋಗಿ ಚಪ್ಪಲಿ ಹುಡುಕುತ್ತಿದ್ದ.