ಗಿರಿಜಕ್ಕನ ಕಂಪ್ಯೂಟರಿಗೆ ನಾನು ಕೊಟ್ಟ ವೇಗ

ನಮ್ಮ ಅಂಗಡಿಯ ಎದುರಿನ ಮಾಳಿಗೆಯ ಮೇಲೆ ಇವತ್ತು ಮೆಣಸಿನಕಾಯಿ ಒಣಹಾಕಿದ್ದಾರೆ. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಶಿಗ್ಗಾವಿಯ ನಮ್ಮ ಓಣಿಯಲ್ಲಿ ಒಬ್ಬರಾದ ಮೇಲೊಬ್ಬರು ಸೀನುತ್ತಾರೆ. ನನಗೆ ಸೀನಿನ ಜೊತೆಗೆ ಒಂದು ಹೆಸರೂ ಬರುತ್ತದೆ. ಗಿರಿಜಕ್ಕ.

ನಾನು ಕಂಪ್ಯೂಟರ್ ರಿಪೇರಿಯವನು. ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಬೈಕಿನ ಮೇಲೆ ಸುತ್ತುತ್ತಿದ್ದ ಆ ದಿನಗಳಲ್ಲಿ ನನಗಿದ್ದ ಹೆಮ್ಮೆ ಒಂದೇ, ವೇಗದ್ದು. ತೂಕಡಿಸುವ ಹಳೆಯ ಯಂತ್ರವನ್ನು ನನ್ನ ಕೈಗೆ ಕೊಟ್ಟರೆ ಸಂಜೆಯೊಳಗೆ ಕುದುರೆ ಮಾಡಿಕೊಡುತ್ತೇನೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಕೆಲಸ ಬಲ್ಲವನೇ ಹೌದು. ಏನನ್ನು ಬಲ್ಲೆನೋ ಅದಕ್ಕಿಂತ ಒಂದು ಮೊಳ ಹೆಚ್ಚು ಮಾತಾಡುತ್ತಿದ್ದೆ, ಅಷ್ಟೇ.

ಗಿರಿಜಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಂಸಭಾವಿಯ ಹೊರಗೆ ಅವರದು ಎರಡೆಕರೆ ಹೊಲ. ಎಲೆ ಮುದುಡುವ ರೋಗಕ್ಕೆ ಬಗ್ಗದ ಒಂದು ಮೆಣಸಿನ ತಳಿಯನ್ನು ತಾವೇ ತೆಗೆಯಬೇಕೆಂದು ಏಳು ವರ್ಷದಿಂದ ಹೂವಿಗೆ ಹೂವು ಕೂಡಿಸುತ್ತ ಬಂದಿದ್ದರು. ಪ್ರತಿ ಗಿಡದ ಪಕ್ಕದ ಗೂಟಕ್ಕೆ ಒಂದು ನಂಬರು. ಆ ನಂಬರಿನ ತಾಯಿ ಯಾವುದು, ತಂದೆ ಯಾವುದು, ರೋಗ ಬಂತೋ ಇಲ್ಲವೋ ಎಂಬುದನ್ನು ಹೊಲದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮಧ್ಯಾಹ್ನ ಪಂಪ್‌ಸೆಟ್ ಕೋಣೆಯ ಕಂಪ್ಯೂಟರಿಗೆ ಹಾಕುತ್ತಿದ್ದರು. ಗಿಡ ಎಷ್ಟೇ ಚೆನ್ನಾಗಿರಲಿ, ಹೆತ್ತವರು ಯಾರೆಂದು ತಿಳಿಯದಿದ್ದರೆ ಅಂಥದ್ದನ್ನು ಮತ್ತೊಮ್ಮೆ ಹುಟ್ಟಿಸಲಾಗದು.

ಅವರು ನನ್ನನ್ನು ಕರೆಸಿದ್ದು ಆ ಕಂಪ್ಯೂಟರಿನ ಆಲಸ್ಯಕ್ಕಾಗಿ.

“ಒಂದು ಸಾಲು ಬರದು ಉಳಿಸು ಅಂದ್ರ ಇದು ಯೋಚನಿ ಮಾಡ್ಕೋತ ಕುಂಡ್ರತೈತಿ, ತಮ್ಮಾ. ಅಷ್ಟರಾಗ ನಾ ಚಹಾ ಕುಡದು ಲೋಟ ತೊಳದಿಟ್ಟು ಬರ್ತೇನಿ.”

ನೋಡಿದೆ. ಯಂತ್ರ ಸೋಮಾರಿಯಾಗಿರಲಿಲ್ಲ, ಎಚ್ಚರದಿಂದಿತ್ತು. ಡಿಸ್ಕಿನಲ್ಲಿ ಏನನ್ನಾದರೂ ಬದಲಿಸುವ ಮೊದಲು ‘ಇಂಥದ್ದನ್ನು ಮಾಡಲಿದ್ದೇನೆ’ ಎಂದು ಅದು ತನ್ನದೇ ದಿನಚರಿಯಲ್ಲಿ ಬರೆದುಕೊಳ್ಳುತ್ತಿತ್ತು. ಆಮೇಲೆ ಕೆಲಸ. ನಡುವೆ ಕರೆಂಟು ಹೋದರೆ, ಎದ್ದ ಮೇಲೆ ದಿನಚರಿ ತೆರೆದು ಅರ್ಧಕ್ಕೆ ನಿಂತದ್ದನ್ನು ಸರಿಪಡಿಸಿಕೊಳ್ಳುತ್ತದೆ. ಈ ದಿನಚರಿಯಲ್ಲಿ ಎಷ್ಟು ಬರೆಯಬೇಕು ಎಂಬುದನ್ನು ನಾವು ಹೇಳಬಹುದು. ಫೈಲಿನೊಳಗಿನ ಮಾತನ್ನೂ ಸೇರಿಸಿ ಎಲ್ಲವನ್ನೂ ಎರಡೆರಡು ಸಲ ಬರೆಸಿದರೆ ಭದ್ರ, ಆದರೆ ನಿಧಾನ. ಫೈಲಿನ ಹೆಸರು, ಅಳತೆ, ಜಾಗ ಇಷ್ಟನ್ನೇ ಬರೆಸಿ, ಒಳಗಿನ ಮಾತನ್ನು ‘ಬಿಡುವಾದಾಗ ಇಡು’ ಎಂದರೆ ಬಲು ಚುರುಕು. ನಾನು ಚುರುಕಾದದ್ದನ್ನೇ ಆರಿಸಿದೆ.

ಗಿರಿಜಕ್ಕ ಒಂದು ಸಾಲು ಹೊಡೆದು ನೋಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿಯಿತು. ಅವರ ಮುಖ ಅರಳಿತು, ನನ್ನ ಎದೆ ಉಬ್ಬಿತು. ಉಬ್ಬಿದ ಎದೆಯಿಂದ ಇನ್ನೊಂದು ಮಾತೂ ಹೊರಟಿತು.

“ಇನ್ನ ಆ ನೋಟ್‌ಬುಕ್ ಯಾಕ್ರಿ ಅಕ್ಕಾರ? ಎರಡೆರಡು ಸಲ ಬರಿಯೋದು ಬಿಡ್ರಿ. ನೆಟ್ಟಗ ಇದರಾಗ ಹೊಡೀರಿ.”

ಅವರು ನಂಬಿದರು. ಮೇಷ್ಟ್ರ ಕೆಲಸ ಮಾಡಿದವರು ಶಿಷ್ಯನ ವಯಸ್ಸಿನವನ ಮಾತನ್ನು ನಂಬುವುದು ಸುಲಭವಲ್ಲ. ಆದರೂ ನಂಬಿದರು.

ಮೂರು ವಾರದ ನಂತರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಫೋನು ಬಂತು. ಅವರು ಉಳಿಸು ಎಂದು ಒತ್ತಿದ ಹೊತ್ತಿಗೇ ಕರೆಂಟು ಹೋಗಿತ್ತು. ಹಳೆಯ ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತಂತೆ. ನಾನು ಅದನ್ನು ನೋಡಿಯೇ ಇರಲಿಲ್ಲ.

“ಹೋಗೇತೇನ್ರಿ ಫೈಲು?”

“ಹೋಗಿಲ್ಲ, ಐತಿ. ಆದ್ರ ಸುಳ್ಳು ಹೇಳಾಕತ್ತೈತಿ. ನೀ ಬಂದು ನೋಡು.”

ಹೋಗಿ ನೋಡಿದೆ. ಫೈಲಿನ ಹೆಸರು ಸರಿ, ತಾರೀಖು ಸರಿ, ಅಳತೆಯೂ ಸರಿ. ತೆರೆದರೆ ಒಳಗೆ ಯಾವತ್ತೋ ಅಳಿಸಿ ಹಾಕಿದ್ದ ಒಂದು ಲಗ್ನಪತ್ರಿಕೆಯ ಚೂರು, ಮೂರು ವರ್ಷದ ಹಿಂದಿನ ಗಿಡಗಳ ಯಾದಿ, ಉಳಿದದ್ದೆಲ್ಲ ಅರ್ಥವಿಲ್ಲದ ಅಕ್ಷರ. ಡಿಸ್ಕು ಹೊಸ ಜಾಗವನ್ನು ದಿನಚರಿಯಲ್ಲಿ ಬರೆದುಕೊಂಡಿತ್ತು. ಆ ಜಾಗದಲ್ಲಿ ಹೊಸ ಮಾತನ್ನು ಇಡುವ ಮೊದಲೇ ಕರೆಂಟು ಹೋಗಿ, ಅಲ್ಲಿ ಮೊದಲಿದ್ದ ಹಳೆಯ ಕಸವೇ ಉಳಿದಿತ್ತು. ನಾನು ಹೇಳಿದಂತೆಯೇ ಅದು ಕೆಲಸ ಮಾಡಿತ್ತು. ತಪ್ಪು ನನ್ನದೇ, ಸಂಶಯವಿಲ್ಲದೆ ನನ್ನದು.

ಅವರು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟಿದ್ದ ಫೈಲಿನ ನಕಲು ಈ ಸಲದ ನಾಟಿಗಿಂತ ಮುಂಚಿನದು. ನೋಟ್‌ಬುಕ್ಕಿನಿಂದ ಹಳೆಯ ಗಿಡಗಳ ವಿವರವೆಲ್ಲ ಸಿಕ್ಕಿತು. ನನ್ನ ಮಾತು ಕೇಳಿ ನೋಟ್‌ಬುಕ್ ಬಿಟ್ಟ ಮೇಲೆ ನೆಟ್ಟ ತೊಂಬತ್ತಾರು ಗಿಡಗಳಿಗೆ ಮಾತ್ರ ಗತಿಯಿಲ್ಲ. ಎರಡು ದಿನ ಅವರೊಂದಿಗೆ ಸಾಲುಸಾಲು ತಿರುಗಿದೆ. ನೆನಪಿನಿಂದ ಹೇಳಲು ನೋಡಿದರು, ಅರ್ಧಕ್ಕೆ ನಿಲ್ಲಿಸಿದರು.

“ಇರಬಹುದು ಅನ್ನೋದು ಬ್ಯಾಡ ತಮ್ಮಾ. ಹೌದು ಅನ್ನಾಕ ಬಂದ್ರ ಇಡೋಣು, ಇಲ್ಲಾಂದ್ರ ಕೀಳೋಣು.”

“ಇಷ್ಟು ಚೊಲೊ ಗಿಡ ಅದಾವಲ್ರಿ!”

“ಚೊಲೊ ಇದ್ರೂ ಕೀಳಬೇಕು. ಹಿಂಗ ಬಿಟ್ರ ಇವುಗಳ ಹೂವಿನ ಪುಡಿ ಉಳಿದ ಗಿಡಕ್ಕ ಹೋಗತೈತಿ. ಆಮ್ಯಾಲೆ ಯಾವುದನ್ನೂ ನಂಬಾಕ ಬರೂದಿಲ್ಲ.”

ತೊಂಬತ್ತಾರನ್ನೂ ನಾನೇ ಕಿತ್ತೆ. ಬೇರು ಹಿಡಿದ ಗಿಡ ಕೀಳುವಾಗ ಮಣ್ಣಿನಿಂದ ಒಂದು ಸಣ್ಣ ಸಪ್ಪಳ ಬರುತ್ತದೆ. ಗಿರಿಜಕ್ಕ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕೈತೊಳೆದು ಬಂದವನನ್ನು ಅವರು ಕೇಳಿದ್ದು ಒಂದೇ, ಕಂಪ್ಯೂಟರಿನ ಆ ದಿನಚರಿಯ ವಿಷಯ. ಎಲ್ಲವನ್ನೂ ಹೇಳಿದೆ. ಎರಡೆರಡು ಸಲ ಬರೆಯುವ ಭದ್ರ ರೀತಿಯನ್ನು ಕೇಳಿ ನಕ್ಕರು.

“ಆಡೂರಾಗ ಹಳೇ ಶಾಸನ ಕಲ್ಲಿನ ಮ್ಯಾಲೆ ಕೊರದಂಗ ಬರೀತೈತಿ ಅನ್ನು. ಎಲ್ಲಾನೂ ಹಂಗ ಬರಿಯೂದಾದ್ರ ನನ್ನ ಆಯುಷ್ಯ ಸಾಲೂದಿಲ್ಲ.”

“ನಡುವಿನದೊಂದು ಐತ್ರಿ. ಮೊದಲು ಮಾತು ಇಟ್ಟು, ಆಮ್ಯಾಲೆ ಅದರ ಜಾಗ ದಿನಚರ್ಯಾಗ ಬರೀತೈತಿ. ಕರೆಂಟ್ ಹೋದ್ರ ಹೊಸಾದು ಒಂದೀಟು ಹೋಗಬಹುದು, ಹಳೇ ಕಸ ಒಳಗ ಬರೂದಿಲ್ಲ.”

“ಬಾಯಿಲೆ ಹೇಳಬ್ಯಾಡ. ವಾಯರ್ ಎಳದು ತೋರಿಸು.”

ಎಳೆದೆ. ಬೇರೆ ಡಿಸ್ಕು ಹಾಕಿ, ಅವರು ಬರೆಯುತ್ತಿರುವಾಗಲೇ ಪ್ಲಗ್ಗು ಕಿತ್ತೆ, ಎಬ್ಬಿಸಿದೆ, ಏನು ಉಳಿಯಿತು, ಏನು ಹೋಯಿತು ಎಂದು ಅವರು ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಂಡರು. ಮೂರೂ ರೀತಿಗೆ ಇಪ್ಪತ್ತಿಪ್ಪತ್ತು ಸಲ. ಅಷ್ಟು ವರ್ಷದ ಕಸುಬಿನಲ್ಲಿ ನಾನು ಒಮ್ಮೆಯೂ ಹಾಗೆ ಪರೀಕ್ಷಿಸಿ ನೋಡಿರಲಿಲ್ಲ. ಕೊನೆಗೆ ತೀರ್ಮಾನ ಹೇಳಿದವರು ಅವರೇ: ಗಿಡಗಳ ಯಾದಿ ಚಿಕ್ಕದು, ಅದಕ್ಕೆ ಕಲ್ಲಿನ ಬರಹ, ಸಾವಿರಾರು ಫೋಟೊಗಳಿಗೆ ನಡುವಿನ ರೀತಿ. ಡಿಸ್ಕನ್ನು ಎರಡು ಭಾಗ ಮಾಡಿ ಹಾಗೆಯೇ ಇಟ್ಟೆ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿದೆ. ಅವರು ನೋಟ್‌ಬುಕ್ಕನ್ನೂ ಮತ್ತೆ ಶುರುಮಾಡಿದರು. ಗೂಟದ ನಂಬರುಗಳನ್ನು ನಾನೇ ಓದಿ ಹೇಳಿದೆ.

ತಳಿ ಬಂತೇ ಎಂದು ನೀವು ಕೇಳುತ್ತೀರಿ. ಬಂತು, ಒಂದು ಹಂಗಾಮು ತಡವಾಗಿ. ಆ ಒಂದು ಹಂಗಾಮು ನಾನು ತಿಂದದ್ದು. ಈಗ ರಟ್ಟೀಹಳ್ಳಿಯ ಕಡೆ ಕೆಲವರು ಅದನ್ನೇ ಬೆಳೆಯುತ್ತಾರೆ. ಬೀಜ ಕೊಡುವಾಗ ಗಿರಿಜಕ್ಕ ಅದರ ವಂಶವನ್ನು ನಾಲ್ಕು ತಲೆಯ ತನಕ ತಡವರಿಸದೆ ಹೇಳುತ್ತಾರೆ.

ಇದನ್ನು ನೆನೆಯುತ್ತ ಕುಳಿತಿರುವಾಗಲೇ ಸವಣೂರಿನ ಫೋಟೊ ಸ್ಟುಡಿಯೋದವರೊಬ್ಬರು ತಮ್ಮ ಕಂಪ್ಯೂಟರ್ ಹೊತ್ತು ತಂದು ಮೇಜಿನ ಮೇಲೆ ಇಟ್ಟರು.

“ಭಾಳ ಸ್ಲೋ ಆಗೇತ್ರಿ. ಜೋರ ಓಡೋ ಹಂಗ ಮಾಡಿಕೊಡ್ರಿ.”

“ಮಾಡ್ತೇನ್ರಿ. ಮೊದಲು ಒಂದು ಹೇಳ್ರಿ, ಇದರಾಗ ಏನು ಹೋದ್ರ ನಡೀತೈತಿ?”

ಅವರು ಗಾಬರಿಯಾಗಿ ನನ್ನನ್ನೇ ನೋಡಿದರು. “ಏನೂ ಹೋಗಬಾರದ್ರಿ!”

“ಹಂಗಾರ ಕುಂಡ್ರಿ,” ಎಂದು ಕುರ್ಚಿ ಎಳೆದುಕೊಟ್ಟೆ, “ಸ್ವಲ್ಪ ಹೊತ್ತು ಹಿಡಿತೈತಿ.”